ಮುಖವಿರುವ ಪಾಲು

ರೊನೆಲ್ ಹಾರ್ಡ್ ಡಿಸ್ಕುಗಳನ್ನು ಕೇಳಲು ಒಬ್ಬನೇ ಬರಲಿಲ್ಲ. ಅಕ್ಕ ಮೆರ್ಲಿಂಡಾಳನ್ನು ಜೊತೆಗೆ ಕರೆದುಕೊಂಡು ಬಂದ. ಕ್ಯಾಮೆರಾದ ಎದುರು ಊರಿಗೆಲ್ಲ ಮಾತಾಡುವ ಗಂಡಸು ಹೆಂಡತಿಯ ಎದುರು ನಿಲ್ಲಲು ಅಕ್ಕನ ಬೆನ್ನು ಹುಡುಕುತ್ತಾನಲ್ಲ ಎಂದು ಜೊವೆಲಿನ್‌ಗೆ ಮೈಯೆಲ್ಲ ಉರಿಯಿತು. ಗೇಟಿನ ಚಿಲಕ ತೆಗೆಯದೆ ಅಂಗಳದಲ್ಲೇ ನಿಂತಳು. ಕೈಯಲ್ಲಿ ಕಡ್ಡಿಪೊರಕೆ ಇತ್ತು. ಮೆರ್ಲಿಂಡಾ ಹೆಚ್ಚು ಮಾತು ಬೆಳೆಸದೆ ಸರಳುಗಳ ನಡುವೆ ಕೈ ತೂರಿಸಿ ಚಿಲಕ ಎಳೆಯಲು ಹೋದಳು. ಜೊವೆಲಿನ್ ಪೊರಕೆಯ ಬುಡದಿಂದ ಆ ಕೈಯ ಮೇಲೆ ಒಂದು ಬಾರಿಸಿದಳು.

ಆಮೇಲೆ ಆದದ್ದನ್ನು ಬೀದಿಯವರೆಲ್ಲ ಬಾಗಿಲಿಗೆ ಬಂದು ನಿಂತು ನೋಡಿದರು. ಮೆರ್ಲಿಂಡಾ ಲಾ ಪಾಸ್ ಮಾರ್ಕೆಟ್ಟಿನಲ್ಲಿ ಒಣಮೀನು ಮಾರುವವಳು, ಗಂಟಲಿಗೆ ಬರವಿಲ್ಲ. ಜೊವೆಲಿನ್‌ಳ ತವರಿನ ಹಿಂದುಮುಂದನ್ನೆಲ್ಲ ರಸ್ತೆಗೆ ಎಳೆದು ಹಾಕಿದಳು. ರೊನೆಲ್ ಮಾತ್ರ ಮೋಟಾರ್ ಸೈಕಲ್ಲಿನ ಪಕ್ಕದಲ್ಲಿ ನಿಂತು, ಯಾರಾದರೂ ಫೋನಿನಲ್ಲಿ ಚಿತ್ರ ತೆಗೆಯುತ್ತಿದ್ದಾರೇನೋ ಎಂದು ಆಚೀಚೆ ನೋಡುತ್ತಿದ್ದ. ಕೊನೆಗೆ ಯಾರೋ ಬರಂಗಾಯ್ ಕಚೇರಿಗೆ, ಎಂದರೆ ಆ ಬಡಾವಣೆಯ ಪಂಚಾಯಿತಿಗೆ, ಹೇಳಿಕಳಿಸಿ, ಅಲ್ಲಿಂದ ಕಾವಲಿನವರು ಬಂದು ಮೂವರನ್ನೂ ಅದರ ಮುಖ್ಯಸ್ಥೆ ಕ್ಯಾಪ್ಟನ್ ಪೆರ್ಲಾಳ ಮುಂದೆ ಕೂರಿಸಿದರು.

ಆ ಡಿಸ್ಕುಗಳಲ್ಲಿ ಇದ್ದದ್ದು ‘ಇನ್ನೊಂದು ತುತ್ತು’. ಮದುವೆಯಾದ ಹೊಸದರಲ್ಲಿ ಗಂಡಹೆಂಡತಿ ಸೇರಿ ಶುರು ಮಾಡಿದ ಚಾನೆಲ್ಲು. ರೊನೆಲ್ ಊರೂರು ತಿರುಗಿ ಬಾಚೊಯ್ ಎಂಬ ಶಾವಿಗೆ ಸಾರಿನ ಅಂಗಡಿ, ಸಿಂಪಿ ಸುಡುವ ಗುಡಿಸಲು, ಮೇಲೆ ಕೆಳಗೆ ಕೆಂಡವಿಟ್ಟು ಬಿಬಿಂಕಾ ಕಡುಬು ಬೇಯಿಸುವ ಒಲೆ, ಎಲ್ಲ ಕಡೆ ಕೂತು ತಿಂದು ಬಣ್ಣಿಸುವನು. ಕ್ಯಾಮೆರಾ ಹಿಡಿಯುವವಳು ಜೊವೆಲಿನ್, ಮನೆಗೆ ಬಂದು ಕತ್ತರಿಸಿ ಜೋಡಿಸುವವಳೂ ಅವಳೇ. ಅವರ ಊರು ಇಲೊಇಲೊದಲ್ಲಿ ರೊನೆಲ್ ರಸ್ತೆಗೆ ಇಳಿದರೆ ಜನ ಗುರುತು ಹಿಡಿದು ಜೊತೆಗೆ ಫೋಟೊ ತೆಗೆಸಿಕೊಳ್ಳುತ್ತಿದ್ದರು. ಆಗ ಫೋಟೊ ತೆಗೆಯಲು ಫೋನನ್ನು ಜೊವೆಲಿನ್‌ಳ ಕೈಗೇ ಕೊಡುತ್ತಿದ್ದರು.

ಆಮೇಲೆ ಸಮುದ್ರದಾಚೆಯ ಬಕೋಲೋದಿನ ಹೆಂಗಸೊಬ್ಬಳು ಬಂದಳು. ಫೋನಿನಲ್ಲಿ ಕ್ರೀಮು ಪೌಡರು ಮಾರುವವಳು. ರೊನೆಲ್ ಅಲ್ಲಿಯ ಸುಟ್ಟ ಕೋಳಿಯ ಮೇಲೆ ಒಂದು ಕಂತು ಮಾಡಬೇಕೆಂದು ಹೋದವನು, ಮತ್ತೆ ಮತ್ತೆ ದೋಣಿ ಹತ್ತಿದ. ಎಷ್ಟು ಕೋಳಿ ತಿನ್ನುತ್ತೀಯ ಎಂದು ಜೊವೆಲಿನ್ ಒಂದು ದಿನ ಕೇಳಿದಳು. ಅವನು ಬಟ್ಟೆ ಮಡಚಿಕೊಂಡ. ಚಾನೆಲ್ಲು ಅವನ ಹೆಸರಿನಲ್ಲಿತ್ತು, ಅದು ಅವನ ಜೊತೆ ಹೋಯಿತು. ಅಷ್ಟು ವರ್ಷ ತೆಗೆದ ಹಸಿ ಚಿತ್ರೀಕರಣ, ಕತ್ತರಿಸದೆ ಬಿಟ್ಟದ್ದು, ಬಳಸದೇ ಉಳಿದದ್ದು, ಎಲ್ಲ ಜೊವೆಲಿನ್‌ಳ ಬಟ್ಟೆ ಬೀರುವಿನಲ್ಲಿ ಉಳಿಯಿತು. ರೊನೆಲ್‌ಗೆ ಈಗ ಬೇಕಾಗಿದ್ದದ್ದು ಅದು. ಹಳೆಯದನ್ನೇ ಹೊಸದಾಗಿ ಜೋಡಿಸಿ ಹಾಕುತ್ತ ಹೋದರೆ ಮೈ ನೋಯಿಸಿಕೊಳ್ಳದೆ ಬಹಳ ಕಾಲ ನಡೆಸಬಹುದು ಎಂದು ಬಕೋಲೋದಿನವಳು ಹೇಳಿಕೊಟ್ಟಿದ್ದಳಂತೆ.

ಕ್ಯಾಪ್ ಪೆರ್ಲಾ ಚುನಾವಣೆಗೆ ನಿಲ್ಲುವ ಮುಂಚೆ ಹಂದಿಮಾಂಸದ ಅಂಗಡಿ ಇಟ್ಟುಕೊಂಡಿದ್ದ ಹೆಂಗಸು. ದಪ್ಪ ಕೈ, ಸಣ್ಣ ಕಣ್ಣು. ಇಬ್ಬರ ಮಾತನ್ನೂ ಬೀಸಣಿಗೆ ಹೊಡೆದುಕೊಳ್ಳುತ್ತ ಕೇಳಿದಳು. ಜೊವೆಲಿನ್ ಎಲ್ಲವೂ ತನ್ನದು ಅಂದಳು, ರೊನೆಲ್ ಎಲ್ಲವೂ ತನ್ನದು ಅಂದ. ಹಾಗಾದರೆ ಪಾಲು ಮಾಡಿಕೊಳ್ಳಿ, ಇಲ್ಲವಾದರೆ ಕೋರ್ಟಿಗೆ ಹೋಗಿ ಮುದುಕರಾಗಿ ಎಂದು ಕ್ಯಾಪ್ ಹೇಳಿದಳು. ಹೇಗೆ ಪಾಲು ಮಾಡುವುದು ಎಂಬ ಪ್ರಶ್ನೆ ಬಂತು.

"ಜನ ನೋಡಿದ್ದು ನನ್ನ ಮುಖ, ಕ್ಯಾಪ್," ಎಂದ ರೊನೆಲ್. "ನನ್ನ ಮುಖ ಇರೋದೆಲ್ಲ ನಂದು. ಮುಖ ಇಲ್ದೆ ಉಳಿಯೋ ಚೂರುಪಾರು ಬೇಕಾದ್ರೆ ಅವಳೇ ಇಟ್ಕೊಳ್ಳಲಿ."

ಜೊವೆಲಿನ್‌ಗೆ ಹೇಳಲು ಬಹಳ ಇತ್ತು. ಆ ಮುಖಕ್ಕೆ ಬೆಳಕು ಬೀಳುವ ಜಾಗ ಹುಡುಕಿದ್ದು ಯಾರು, ಬಾಯಿ ತಪ್ಪಿದಲ್ಲೆಲ್ಲ ಮುಚ್ಚಿಹಾಕಿದ್ದು ಯಾರು ಎಂದು ಕೇಳಬೇಕಿತ್ತು. ಆದರೆ ಬಾಯಿ ತೆರೆದರೆ ಅತ್ತುಬಿಡುತ್ತೇನೆ, ಮೆರ್ಲಿಂಡಾಳ ಎದುರು ಅದೊಂದು ಆಗಬಾರದು ಎಂದು ತುಟಿ ಕಚ್ಚಿ ಕೂತಳು. ಕ್ಯಾಪ್ ಅವನು ಹೇಳಿದ್ದನ್ನೇ ಕಾಗದದಲ್ಲಿ ಬರೆಸಿದಳು. ಮುಖ ಇರುವ ತುಣುಕುಗಳು ಗಂಡನಿಗೆ, ಇಲ್ಲದವು ಹೆಂಡತಿಗೆ. ಪಾಲಾದ ಮೇಲೆ ಮೂಲದ್ದನ್ನು ಎಲ್ಲರ ಎದುರು ಅಳಿಸಿಹಾಕುವುದು. ಕತ್ತರಿಸುವ ಕೆಲಸ ಬಲ್ಲವಳು ಜೊವೆಲಿನ್ ಒಬ್ಬಳೇ ಆದ್ದರಿಂದ ಅದು ಅವಳ ಮೇಲೆ ಬಿತ್ತು.

"ಹಾಗಾದ್ರೆ ಪಕ್ಕದಲ್ಲಿ ನಾನು ಕೂರ್ತೀನಿ," ಎಂದಳು ಮೆರ್ಲಿಂಡಾ, ಬಟ್ಟೆ ಸುತ್ತಿದ ಕೈಯನ್ನು ಮೇಜಿನ ಮೇಲಿಟ್ಟು. "ಇವಳ ಕೈಗುಣ ಎಂಥದ್ದು ಅಂತ ನೋಡಿದೀರಲ್ಲ."

ಹಾಗೆ ಮೆರ್ಲಿಂಡಾ ದಿನವೂ ಮಾರ್ಕೆಟ್ಟಿನ ವ್ಯಾಪಾರ ಮುಗಿಸಿ, ಮೈತುಂಬ ಒಣಮೀನಿನ ವಾಸನೆ ಹೊತ್ತು, ಜೊವೆಲಿನ್‌ಳ ಮನೆಗೆ ಬರತೊಡಗಿದಳು. ಬಂದವಳು ಮೊದಲು ಮಾಡುವ ಕೆಲಸ ಫ್ಯಾನನ್ನು ತನ್ನ ಕಡೆಗೆ ತಿರುಗಿಸಿಕೊಳ್ಳುವುದು. ಆಮೇಲೆ ಕುರ್ಚಿಯನ್ನು ಎಳೆದು ಜೊವೆಲಿನ್‌ಳ ಭುಜಕ್ಕೆ ಉಸಿರು ತಾಗುವಷ್ಟು ಹತ್ತಿರ ಕೂರುತ್ತಿದ್ದಳು. ಜೊವೆಲಿನ್ ಅವಳನ್ನು ‘ಮನಾಂಗ್’ ಎಂದೇ ಕರೆಯುತ್ತಿದ್ದಳು. ಗಂಡನ ಅಕ್ಕನನ್ನು ಹಾಗಲ್ಲದೆ ಇನ್ನು ಹೇಗೂ ಕರೆಯುವಂತಿರಲಿಲ್ಲ. ಆದರೆ ಆ ಮಾತನ್ನು ಕಲ್ಲು ಬೀಸಿದ ಹಾಗೆ ಬೀಸುತ್ತಿದ್ದಳು. ಆ ಸೀಮೆಯಲ್ಲಿ ಊಟಕ್ಕೆ ಕೂತವರು ಎದುರಿಗೆ ಯಾರೇ ಇದ್ದರೂ, ದಾರಿಹೋಕನಾದರೂ, ಬನ್ನಿ ಊಟ ಮಾಡೋಣ ಎನ್ನದೆ ತುತ್ತೆತ್ತುವುದಿಲ್ಲ. ಇವರಿಬ್ಬರು ಬೆನ್ನಿಗೆ ಬೆನ್ನು ಹಾಕಿ ಕೂತು, ಒಬ್ಬಳು ಪಾತ್ರೆಯಿಂದ, ಒಬ್ಬಳು ಬಾಳೆಲೆಯ ಪೊಟ್ಟಣದಿಂದ, ಸದ್ದಿಲ್ಲದೆ ತಿಂದು ಮುಗಿಸುತ್ತಿದ್ದರು.

ಕೆಲಸ ನೋಡಲು ಸುಲಭ. ಒಂದು ಇಡೀ ದಿನದ ಚಿತ್ರೀಕರಣ ಪರದೆಯ ಮೇಲೆ ಉದ್ದಕ್ಕೆ ಹಾಸಿಕೊಂಡಿರುತ್ತದೆ. ನೋಡುತ್ತ ಹೋಗಬೇಕು. ಒಂದು ಕೀ ಒತ್ತಿದರೆ ತುಣುಕಿನ ಆರಂಭಕ್ಕೆ ಗುರುತು, ಇನ್ನೊಂದು ಒತ್ತಿದರೆ ಕೊನೆಗೆ ಗುರುತು. ಆ ಎರಡರ ನಡುವಿನದನ್ನು ಸಣ್ಣ ಕ್ಲಿಪ್ಪಾಗಿ ಮಾಡಿ, ಹೆಸರು ಕೊಟ್ಟು, ಅದರ ಫೋಲ್ಡರಿಗೆ ಎಳೆದುಹಾಕುವುದು. ಜೊವೆಲಿನ್ ಎರಡು ಫೋಲ್ಡರ್ ಮಾಡಿದಳು: ‘ಮುಖ’, ‘ಉಳಿದದ್ದು’. ಶಬ್ದವನ್ನು ಪೂರ್ತಿ ಮುಚ್ಚಿಬಿಟ್ಟಳು. ಮುಖ ಇದೆಯೋ ಇಲ್ಲವೋ ಎಂದು ನೋಡಲು ಕಣ್ಣು ಸಾಕು. ಗಂಡನ ದನಿಯನ್ನು ಆ ಮನೆಯಲ್ಲಿ ಮತ್ತೆ ಕೇಳುವುದು ಅವಳಿಗೆ ಬೇಕಿರಲಿಲ್ಲ. ಮೆರ್ಲಿಂಡಾ ಅದಕ್ಕೂ ಅನುಮಾನಪಟ್ಟು, ಸ್ಪೀಕರಿನ ತಂತಿಯನ್ನು ಎತ್ತಿ ನೋಡಿ, ಆಮೇಲೆ ಸುಮ್ಮನಾದಳು.

ಮೊದಲ ದಿನ ಜೊವೆಲಿನ್ ತನ್ನ ಎಂದಿನ ರೂಢಿಯಂತೆ ಕತ್ತರಿಸಿದಳು. ರೊನೆಲ್‌ನ ಮುಖ ಬರುವ ತುಸು ಮುಂಚೆಯೇ ಗುರುತು ಹಾಕಿ, ಮುಖ ಹೋದ ಮೇಲೂ ತುಸು ಬಿಟ್ಟು ಮುಗಿಸುತ್ತಿದ್ದಳು. ಅವನು ಮಾತು ಮುಗಿಸಿ ಕೆಳಗೆ ನೋಡುತ್ತಾನೆ, ಕ್ಯಾಮೆರಾ ಅವನ ಕಣ್ಣಿನ ಹಿಂದೆಯೇ ತಟ್ಟೆಗೆ ಇಳಿಯುತ್ತದೆ, ಹಬೆಯಾಡುವ ಬಾಚೊಯ್ ಕಾಣುತ್ತದೆ. ಅಲ್ಲಿಯವರೆಗೂ ಅವನ ಪಾಲಿಗೇ ಹೋಗುತ್ತಿತ್ತು. ಅದನ್ನು ಹಾಗೆ ಬಿಡಬೇಕೆಂದು ಅವಳೇನೂ ಔದಾರ್ಯ ತೋರಿಸಿದ್ದಲ್ಲ. ಕೈಗೆ ಬಂದ ಅಭ್ಯಾಸ.

"ನಿಲ್ಸು," ಎಂದಳು ಮೆರ್ಲಿಂಡಾ. "ಅವನ ಮುಖ ಹೋಯ್ತು. ಇನ್ನೂ ಯಾಕೆ ಓಡಿಸ್ತಿದೀಯ?"

"ಹಿಂದೆ ಮುಂದೆ ಒಂಚೂರು ಜಾಗ ಬಿಡ್ಬೇಕು ಮನಾಂಗ್. ಆಮೇಲೆ ಜೋಡಿಸೋರಿಗೆ ಹಿಡಿತ ಸಿಗ್ಬೇಕಲ್ಲ."

"ಓ. ಹಾಗಾದ್ರೆ ನಿನ್ನ ಪಾಲಿಗೂ ಹಿಂದೆ ಮುಂದೆ ಒಂಚೂರು ಬಿಟ್ಕೋತೀಯ. ಆ ಒಂಚೂರಲ್ಲಿ ನನ್ನ ತಮ್ಮ ಇರ್ತಾನೆ. ಹಾಗೇ ಒಂಚೂರು ಒಂಚೂರು ಸೇರ್ಸಿ ಅವನನ್ನ ಪೂರ್ತಿ ಲಪಟಾಯಿಸ್ತೀಯ."

"ಇದ್ರಿಂದ ಲಾಭ ನಿಮ್ಮ ತಮ್ಮಂಗೇ."

"ನನ್ನ ತಮ್ಮನ ಲಾಭ ನಷ್ಟ ನೋಡೋಕೆ ನೀನ್ಯಾರೇ ಈಗ? ಮುಖ ಶುರುವಾದಲ್ಲಿ ಕತ್ತರಿಸು, ಮುಖ ಮುಗಿದಲ್ಲಿ ಕತ್ತರಿಸು. ಕೂದಲೆಳೆಯಷ್ಟು ಆಚೆ ಈಚೆ ಆದ್ರೂ ನಾನು ಕ್ಯಾಪ್ ಹತ್ರ ಹೋಗ್ತೀನಿ."

 ಜೊವೆಲಿನ್ ಅಂದು ಅಲ್ಲಿಯವರೆಗೆ ಮಾಡಿದ್ದನ್ನೆಲ್ಲ ಅಳಿಸಿ, ಮೊದಲಿನಿಂದ ಶುರು ಮಾಡಿದಳು.

ಈಗ ಅವಳು ಚಿತ್ರವನ್ನು ಒಂದೊಂದೇ ಚೌಕಟ್ಟಾಗಿ ಸರಿಸುತ್ತಿದ್ದಳು. ಮೂಗಿನ ತುದಿ ಪರದೆಯ ಅಂಚಿಗೆ ಬಂದ ಕಡೆ ಒಂದು ಗುರುತು. ಕಿವಿಯ ಹಾಲೆ ಅಂಚು ದಾಟಿದ ಕಡೆ ಇನ್ನೊಂದು. ಮೆರ್ಲಿಂಡಾ ಕಣ್ಣು ಕಿರಿದು ಮಾಡಿ ಒಪ್ಪಿಗೆ ಕೊಟ್ಟ ಮೇಲೆ ಅದು ‘ಮುಖ’ಕ್ಕೆ ಹೋಗುತ್ತಿತ್ತು. ರೊನೆಲ್ ಬಾಯಿ ತೆರೆಯುತ್ತಾನೆ, ಮುಗಿಯಿತು. ರೊನೆಲ್ ಅಗಿಯುತ್ತಾನೆ, ಮುಗಿಯಿತು. ರೊನೆಲ್ ಕಣ್ಣು ಮುಚ್ಚಿ ತಲೆದೂಗುತ್ತಾನೆ, ತುಟಿ ಒರೆಸಿಕೊಳ್ಳುತ್ತಾನೆ, ಮುಗಿಯಿತು. ನಡುವಿನದೆಲ್ಲ, ಎಂದರೆ ಎಣ್ಣೆಗೆ ಬೀಳುವ ಬೆಳ್ಳುಳ್ಳಿ, ಮೂಳೆ ಒಡೆಯುವ ಕತ್ತಿ, ಸಿಂಪಿ ಬಾಯಿ ಬಿಡುವುದು, ಹಿಟ್ಟು ಹುಯ್ಯುವ ಮುದುಕಿಯ ಮಣಿಕಟ್ಟು, ‘ಉಳಿದದ್ದು’ಕ್ಕೆ. ಮುಖವೂ ತಟ್ಟೆಯೂ ಒಟ್ಟಿಗೆ ಕಾಣುವ ದೂರದ ನೋಟಗಳು ಕೆಲವು ಇದ್ದವು. ಅವು ನ್ಯಾಯವಾಗಿ ರೊನೆಲ್‌ಗೇ ಹೋದವು. ಅವುಗಳಲ್ಲಿ ತಟ್ಟೆ ಅಂಗಿಯ ಗುಂಡಿಯಷ್ಟು ದೊಡ್ಡದಿತ್ತು.

ಎರಡನೆಯ ವಾರದ ಹೊತ್ತಿಗೆ ಜೊವೆಲಿನ್‌ಗೆ ತಾನು ಏನು ಮಾಡುತ್ತಿದ್ದೇನೆಂಬುದು ಚೆನ್ನಾಗಿ ತಿಳಿದಿತ್ತು. ಒಂದು ದಿನ ಕರೆಂಟು ಹೋಗಿ ಮೆರ್ಲಿಂಡಾ ಬೇಗ ಹೊರಟಳು. ಕರೆಂಟು ಬಂದ ಮೇಲೆ ಜೊವೆಲಿನ್ ‘ಮುಖ’ವನ್ನು ಸಾಲಾಗಿ ಓಡಿಸಿ ನೋಡಿದಳು. ಒಬ್ಬ ಗಂಡಸು ಬಾಯಿ ತೆರೆಯುತ್ತಾನೆ, ಮುಚ್ಚುತ್ತಾನೆ. ಏನೋ ಹೇಳುತ್ತಾನೆ. ಏನನ್ನೋ ನುಂಗುತ್ತಾನೆ. ಏನು ತಿಂದ, ಯಾರು ಬಡಿಸಿದರು, ಯಾವ ಊರು, ಒಂದೂ ಇಲ್ಲ. ಹಲ್ಲಿನ ಡಾಕ್ಟರ ಮುಂದೆ ಕೂತವನ ಹಾಗಿದ್ದ. ಅವಳಿಗೆ ನಗು ಬಂತು. ಒಬ್ಬಳೇ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ತಡೆಯಲಾಗದ ದ್ವೇಷದಲ್ಲಿ ಅವನ ಮುಖವನ್ನು ಒಂದು ಕಡೆ ನಿಲ್ಲಿಸಿ, ಹತ್ತಿರ ತಂದು, ಹಲ್ಲಿನ ಸಂದಿಯಲ್ಲಿದ್ದ ಸೊಪ್ಪನ್ನು ನೋಡುತ್ತ ಕೂತಳು. ಹಿಂದೆ ಇಂಥ ಸೊಪ್ಪು ಕಂಡರೆ ಅವಳು ಕ್ಯಾಮೆರಾದ ಹಿಂದಿನಿಂದ ಕೈಸನ್ನೆ ಮಾಡುತ್ತಿದ್ದಳು. ಅವನು ನಾಲಗೆಯಿಂದ ತೆಗೆದು ಮತ್ತೆ ಮೊದಲಿನಿಂದ ಮಾತು ಶುರು ಮಾಡುತ್ತಿದ್ದ.

ಮರುದಿನ ಅವಳು ಇನ್ನಷ್ಟು ಬಿಗಿಯಾಗಿ ಕತ್ತರಿಸಿದಳು.

ಹೀಗೆ ಹೋಗುತ್ತಿರುವಾಗ ನಾನಾಯ್ ಕೊಂಚಿಂಗ್ ಬಂದಳು. ಅವಳು ರೊನೆಲ್ ಮತ್ತು ಮೆರ್ಲಿಂಡಾಳ ತಾಯಿ; ತೀರಿಕೊಂಡು ಎರಡು ಮಳೆಗಾಲ ಕಳೆದಿತ್ತು. ಆ ಡಿಸ್ಕಿನಲ್ಲಿ ಅವಳು ಇರುವುದನ್ನು ಜೊವೆಲಿನ್ ಮರೆತೇಬಿಟ್ಟಿದ್ದಳು. ಒಂದು ಭಾನುವಾರ ಅತ್ತೆಯ ಅಡುಗೆಮನೆಯಲ್ಲಿ ತೆಗೆದದ್ದು. ತೊಗರಿಕಾಳು, ಹಂದಿಮಾಂಸ, ಎಳೆ ಹಲಸಿನಕಾಯಿ ಹಾಕಿದ ಸಾರು ಕುದಿಯುತ್ತಿದೆ. ಮುದುಕಿ ಹುಳಿಗೆ ಬತ್ವಾನ್ ಕಾಯಿಯನ್ನು ಕೈಯಲ್ಲೇ ಜಜ್ಜಿ ಹಾಕುತ್ತಾಳೆ, ಸೌಟಿನಿಂದ ಅಂಗೈಗೆ ಬಿಟ್ಟುಕೊಂಡು ರುಚಿ ನೋಡುತ್ತಾಳೆ, ಆಮೇಲೆ ಒಂದು ತುತ್ತು ಅನ್ನ ಕಲಸಿ ಎದುರಿಗೆ ಕೂತವನ ಬಾಯಿಗೆ ಇಡುತ್ತಾಳೆ. ಎದುರಿಗೆ ಕೂತವನು ರೊನೆಲ್. ಬೆನ್ನು ಕ್ಯಾಮೆರಾಕ್ಕೆ. ಕಾಣುವುದು ಅವನ ತಲೆಯ ಹಿಂಭಾಗ, ಒಂದು ಭುಜ, ಮೊಣಕೈ.

 ಫ್ಯಾನು ಮೆರ್ಲಿಂಡಾಳ ಮೇಲೆ ಬೀಸುತ್ತಿದ್ದರೂ ಹಣೆ ಬೆವರಿತ್ತು. ಅಷ್ಟು ದಿನದಲ್ಲಿ ಮೊದಲ ಸಲ ಅವಳು ಕುರ್ಚಿಯನ್ನು ಹಿಂದಕ್ಕೆ ತಳ್ಳಿಕೊಂಡಳು, ಪರದೆಗೆ ತೀರಾ ಹತ್ತಿರವಾಯಿತು ಅನ್ನಿಸಿದವರ ಹಾಗೆ.

ಜೊವೆಲಿನ್ ಆರಂಭಕ್ಕೆ ಒಂದು ಗುರುತು ಹಾಕಿದಳು, ಕೊನೆಗೊಂದು. ಕ್ಲಿಪ್ಪನ್ನು ‘ಉಳಿದದ್ದು’ಕ್ಕೆ ಎಳೆದಳು.

"ಅದು ಅವನದು," ಎಂದಳು ಮೆರ್ಲಿಂಡಾ.

"ಮುಖ ಎಲ್ಲಿದೆ, ತೋರಿಸಿ."

"ಅವನೇ ಅಲ್ವೇನೇ ಅಲ್ಲಿ ಕೂತಿರೋದು? ಅವನ ತಲೆ ಅಲ್ವಾ ಅದು?"

"ತಲೆ ಹೌದು. ಕಾಗದದಲ್ಲಿ ಮುಖ ಅಂತ ಇದೆ. ಕೂದಲೆಳೆ ಆಚೆ ಈಚೆ ಆಗ್ಬಾರ್ದು ಅಂದೋರು ನೀವೇ ಮನಾಂಗ್. ಇಲ್ಲಿ ಕೂದಲು ಬಿಟ್ರೆ ಬೇರೇನೂ ಇಲ್ಲ."

ಮೆರ್ಲಿಂಡಾಳ ಕುತ್ತಿಗೆಯ ನರ ಉಬ್ಬಿತು. ಹೊಡೆಯುತ್ತಾಳೆ ಎಂದುಕೊಂಡು ಜೊವೆಲಿನ್ ಮೌಸು ಬಿಟ್ಟು ಕೈ ಸಿದ್ಧ ಮಾಡಿಕೊಂಡಳು. ಆದರೆ ಅವಳು ಹೊಡೆಯಲಿಲ್ಲ.

"ಅದು ನಮ್ಮಮ್ಮ," ಎಂದಳು, ಹಲ್ಲು ಕಚ್ಚಿಕೊಂಡು. "ನಿನಗೇನಾಗ್ಬೇಕು ಅವಳು? ಅವಳ ಶವ ನೋಡೋಕೆ ಬಂದಾಗ ಒಂದು ಹನಿ ನೀರು ಬರ್ಲಿಲ್ಲ ನಿನ್ನ ಕಣ್ಣಲ್ಲಿ."

"ಬರೋ ಹಾಗೆ ನಡ್ಕೊಂಡಿದ್ರೆ ಬರ್ತಿತ್ತು."

ಕ್ಯಾಪ್ ಹತ್ತಿರ ಹೋಗುತ್ತೀರಾ ಎಂದು ಜೊವೆಲಿನ್ ಕೇಳಿದಳು. ಮೆರ್ಲಿಂಡಾ ಚೀಲ ಎತ್ತಿಕೊಂಡು ಹೊರಟಳು. ಹೋದ ಮೇಲೆ ಒಣಮೀನಿನ ವಾಸನೆ ಕೋಣೆಯಲ್ಲಿ ಹಾಗೇ ನಿಂತಿತ್ತು. ಗೆದ್ದೆ ಎಂದು ಅನ್ನಿಸಬೇಕಿತ್ತು, ಅನ್ನಿಸಿತು ಕೂಡ. ಆದರೆ ಆ ಸಂಜೆ ಅವಳಿಗೆ ಊಟ ಸೇರಲಿಲ್ಲ. ಆದರೂ ಕ್ಲಿಪ್ಪನ್ನು ಹಾಕಿದ ಜಾಗದಿಂದ ಕದಲಿಸಲಿಲ್ಲ.

ಮೆರ್ಲಿಂಡಾ ಮರುದಿನವೂ ಬಂದಳು, ಅದರ ಮರುದಿನವೂ ಬಂದಳು. ಹಿಂದೆ ಮುಂದೆ ಜಾಗ ಬಿಡು ಎನ್ನಲಿಲ್ಲ, ಬಿಡಬೇಡ ಎನ್ನಲಿಲ್ಲ. ಸುಮ್ಮನೆ ಕೂತು, ಪ್ರತಿಯೊಂದು ಗುರುತನ್ನೂ ನೋಡಿ, ಪ್ರತಿಯೊಂದಕ್ಕೂ ತಲೆ ಒಮ್ಮೆ ಆಡಿಸಿ ಒಪ್ಪಿಗೆ ಕೊಡುತ್ತ ಹೋದಳು. ಕೆಲಸ ಮುಗಿಯಿತು. ‘ಮುಖ’ವನ್ನು ಒಂದು ಡಿಸ್ಕಿಗೆ ತುಂಬಿಸಿ ಜೊವೆಲಿನ್ ಅವಳ ಕೈಗಿಟ್ಟಳು.

ರೊನೆಲ್ ಅದನ್ನು ತೆರೆದು ನೋಡಿದ ದಿನವೇ ಕ್ಯಾಪ್ ಹತ್ತಿರ ಓಡಿದ. ಎಲ್ಲರನ್ನೂ ಮತ್ತೆ ಕರೆಸಿದರು. ಈ ಸಲ ಅವನು ಕ್ಷೌರ ಮಾಡಿಕೊಂಡಿರಲಿಲ್ಲ. ಮೊದಲು ನಯವಾಗಿ ಮಾತಾಡಿದ. ಇದರಿಂದ ಇಬ್ಬರಿಗೂ ಪ್ರಯೋಜನವಿಲ್ಲ, ಎಲ್ಲ ಮತ್ತೆ ಒಟ್ಟುಗೂಡಿಸೋಣ, ಅವಳಿಗೂ ಒಂದು ಭಾಗ ಕೊಡುತ್ತೇನೆ ಎಂದ. ಮನೆಯಲ್ಲಿ ಕರೆಯುತ್ತಿದ್ದ ಹೆಸರಿನಿಂದ ಅವಳನ್ನು ‘ಲಿನ್’ ಎಂದು ಕೂಡ ಕರೆದ. ಜೊವೆಲಿನ್ ಗೋಡೆಯ ಮೇಲಿದ್ದ ಸಂತರ ಪಟ ನೋಡುತ್ತ ಕೂತಳು. ಆಗ ಅವನ ದನಿ ಏರಿತು. ತನ್ನ ಚಿತ್ರವನ್ನು ಕೊಚ್ಚಿ ಹಾಕಿದ್ದಾಳೆ, ಇದು ಮೋಸ, ಒಪ್ಪಂದ ಹರಿದುಹಾಕಿ ಎಂದ.

ಒಪ್ಪಂದದಿಂದ ಹಿಂದೆ ಸರಿಯಲು ಇದ್ದ ಗಡುವು ಮುಗಿದುಹೋಗಿತ್ತು. ಮೋಸವಾಗಿದೆ ಎಂದು ಸಾಬೀತಾದರೆ ಮಾತ್ರ ಮೇಲಿನವರ ಮುಂದೆ ಇಡಬಹುದು ಎಂದು ಕ್ಯಾಪ್ ಹೇಳಿ, ಮೆರ್ಲಿಂಡಾಳ ಕಡೆ ತಿರುಗಿದಳು.

"ದಿನಾ ಪಕ್ಕದಲ್ಲಿ ಕೂತಿದ್ದೋಳು ನೀನು. ಒಂದು ಕಡೆನಾದ್ರೂ ತಪ್ಪು ಗುರುತು ಹಾಕಿದ್ಳಾ ಇವಳು? ಯೋಚ್ನೆ ಮಾಡಿ ಹೇಳು."

 ಮೆರ್ಲಿಂಡಾ ಹೌದು ಅಂದರೆ ಜೊವೆಲಿನ್‌ಳ ಕಥೆ ಆಗಿಹೋಯಿತು. ಅವಳ ಮಾತಿನ ಎದುರು ಯಾರ ಸಾಕ್ಷಿಯೂ ಇಲ್ಲ. ಹೌದು ಅನ್ನುತ್ತಾಳೆ ಎನ್ನುವುದರಲ್ಲಿ ಅನುಮಾನವೂ ಇರಲಿಲ್ಲ; ಒಂದು ಮಾತಿನಿಂದ ತಮ್ಮನಿಗೆ ಎಲ್ಲ ಸಿಗುತ್ತದೆ, ಅವಳ ತಾಯಿಯೂ ಸಿಗುತ್ತಾಳೆ.

ಮೆರ್ಲಿಂಡಾ ಮೊದಲು ತಮ್ಮನನ್ನು ನೋಡಿದಳು. ಆಮೇಲೆ ಜೊವೆಲಿನ್‌ಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು, ಕೊಳೆತ ಸರಕು ನೋಡುವ ಹಾಗೆ.

"ನನ್ನ ಕಣ್ಣು ತಪ್ಪಿಸಿ ಮೋಸ ಮಾಡೋಷ್ಟು ಬುದ್ಧಿ ಇದೆಯಾ ಇವಳಿಗೆ, ಕ್ಯಾಪ್?" ಎಂದಳು. "ಇಷ್ಟು ವರ್ಷದಿಂದ ಮಾರ್ಕೆಟ್ಟಲ್ಲಿ ಕೂತಿದೀನಿ. ತಕ್ಕಡಿ ಮೇಲೆ ಯಾರ ಬೆರಳೂ ನಾನು ನೋಡ್ದೆ ಬಿದ್ದಿಲ್ಲ. ನಾನು ಎಲ್ಲಿ ಕತ್ತರಿಸು ಅಂದ್ನೋ ಅಲ್ಲೇ ಕತ್ತರಿಸಿದಾಳೆ."

ರೊನೆಲ್ ಬಾಯಿ ಬಿಟ್ಟುಕೊಂಡು ಅಕ್ಕನನ್ನು ನೋಡಿದ.

"ಮುಖ, ಮುಖ ಅಂತ ಬರೆಸಿದೋನು ನೀನು," ಎಂದಳು ಅವನಿಗೆ. "ನನ್ನನ್ನೇನು ನೋಡ್ತೀಯ?"

ಅಲ್ಲಿಗೆ ಮುಗಿಯಿತು. ರೊನೆಲ್ ಕುರ್ಚಿ ಒದ್ದು ಹೊರಗೆ ಹೋದ. ಮೂಲದ್ದನ್ನು ಅಳಿಸುವಾಗ ಕ್ಯಾಪ್, ಮೆರ್ಲಿಂಡಾ, ಗುಮಾಸ್ತ ಮೂವರೇ ಇದ್ದರು. ಜೊವೆಲಿನ್ ಕಂಪ್ಯೂಟರನ್ನು ಕ್ಯಾಪ್‌ಳ ಮೇಜಿನ ಮೇಲಿಟ್ಟು, ಅಷ್ಟೂ ವರ್ಷವನ್ನು ಆರಿಸಿ, ಖಚಿತವೇ ಎಂದು ಕೇಳಿದ್ದಕ್ಕೆ ಹೌದು ಎಂದು ಒತ್ತಿದಳು. ಹಸಿರು ಪಟ್ಟಿ ನಿಧಾನವಾಗಿ ತುಂಬಿಕೊಂಡು ಹೋಯಿತು. ಕ್ಯಾಪ್ ಒಂದು ಕಡೆ ಕಡಲೆಕಾಯಿ ಬಿಡಿಸುತ್ತಿದ್ದಳು. ಮೆರ್ಲಿಂಡಾ ಪಟ್ಟಿ ಪೂರ್ತಿ ತುಂಬುವವರೆಗೂ ನಿಂತಿದ್ದು, ಹೊರಡುವಾಗ ಜೊವೆಲಿನ್‌ಳ ಕಿವಿಯ ಹತ್ತಿರ ಬಾಗಿ, ನಿನಗೆ ಒಳ್ಳೆಯದಾಗುವುದನ್ನು ನೋಡಲು ನಾನು ಬದುಕಿರಬಾರದು ಎಂದು ಹೇಳಿ ಹೋದಳು.

ರೊನೆಲ್ ಹೊಸದಾಗಿ ಕಂತುಗಳನ್ನು ಮಾಡತೊಡಗಿದ. ಕ್ಯಾಮೆರಾ ಈಗ ಬಕೋಲೋದಿನವಳ ಕೈಯಲ್ಲಿ. ಅವಳು ಕ್ರೀಮು ಮಾರಿ ಅಭ್ಯಾಸವಿದ್ದವಳು, ಮುಖ ಬಿಟ್ಟು ಬೇರೆಡೆ ತಿರುಗಿಸಿದ್ದು ಕಡಿಮೆ. ಅಣ್ಣಾ ಒಂದ್ಸಲ ತಟ್ಟೆನೂ ತೋರಿಸು ಎಂದು ನೋಡುಗರು ಕೆಳಗೆ ಬರೆದರು. ಬರೆದು ಬರೆದು ಬೇಸತ್ತು ನೋಡುವುದನ್ನೇ ಬಿಟ್ಟರು. ಎಲ್ಲರೂ ಬಿಡಲಿಲ್ಲ, ಅವನ ಮುಖ ಇಷ್ಟಪಡುವವರು ಆಗಲೂ ಇದ್ದರು, ಈಗಲೂ ಇದ್ದಾರೆ.

ಜೊವೆಲಿನ್‌ಗೆ ಬಂದ ಕಷ್ಟ ಬೇರೆ. ತನ್ನ ಪಾಲನ್ನು ಜೋಡಿಸಲು ಕೂತು ಮೊದಲ ಸಲ ಶಬ್ದ ತೆರೆದಾಗ ಎಲ್ಲ ಕಡೆ ರೊನೆಲ್ ಇದ್ದ. ಮುಖವಿಲ್ಲ, ದನಿ. ಬೆಳ್ಳುಳ್ಳಿ ಎಣ್ಣೆಗೆ ಬೀಳುತ್ತದೆ, ಮೇಲೆ ಅವನ ಮಾತು. ಸಿಂಪಿ ಬಾಯಿ ಬಿಡುತ್ತದೆ, ಅವನ ನಗು. ಆ ನಗುವಿಗೆ ಕ್ಯಾಮೆರಾದ ಹಿಂದಿನಿಂದ ತನ್ನದೂ ನಗು. ಇಷ್ಟು ವರ್ಷ ಈ ಕೆಲಸ ಮಾಡಿದವಳಿಗೆ ಇದು ಹೊಳೆಯದೆ ಹೋದದ್ದಕ್ಕೆ ತನ್ನನ್ನೇ ಬೈದುಕೊಂಡಳು. ದನಿಯನ್ನೆಲ್ಲ ಕಿತ್ತುಹಾಕಿ, ಬರೀ ಚಿತ್ರಕ್ಕೆ ಯಾವುದೋ ಪಿಯಾನೊ ಹಚ್ಚಿ ತನ್ನದೇ ಹೊಸ ಚಾನೆಲ್ಲಿಗೆ ಹಾಕಿದಳು. ಯಾರ ಮನೆಯಲ್ಲಿ ಸಾವಾಗಿದೆ ಎಂದು ನೋಡಿದವನೊಬ್ಬ ಕೇಳಿದ. ಅವಳು ರಿಕಾರ್ಡರ್ ಹಿಡಿದು ಬರೀ ಅಡುಗೆಯ ಸದ್ದಿಗಾಗಿ ಮತ್ತೆ ಆ ಅಂಗಡಿಗಳಿಗೆ ಹೋಗಬೇಕಾಯಿತು. ಕೆಲವರು ಗುರುತು ಹಿಡಿದು ಗಂಡ ಎಲ್ಲಿ ಎಂದರು. ಕೆಲವರು ಬಾಗಿಲಲ್ಲೇ ನಿಲ್ಲಿಸಿ ಕಳಿಸಿದರು. ಕೆಲವರು ಬಾಣಲೆ ಇಟ್ಟು ಕೊಟ್ಟರು. ಹೊಟ್ಟೆಪಾಡಿಗೆ ಮದುವೆಯ ವಿಡಿಯೊ ಕತ್ತರಿಸುವ ಕೆಲಸ ಹಿಡಿದಳು.

ಈ ನಡುವೆ ಒಂದು ಮುಳ್ಳು ಅವಳ ಒಳಗೆ ಆಡುತ್ತಿತ್ತು. ಮೆರ್ಲಿಂಡಾ ಅಂದು ನಿಜ ಹೇಳಿದ್ದಳು. ಅದು ತನ್ನ ಮೇಲಿನ ಪ್ರೀತಿಯಿಂದಲ್ಲ, ಜಂಬದಿಂದ ಎಂದು ಗೊತ್ತಿತ್ತು. ಆದರೂ ಅಂಥ ಹೆಂಗಸಿನಿಂದ ಉಪಕಾರವಾಗಿದೆ ಎಂಬ ನೆನಪನ್ನು ಹೊತ್ತು ತಿರುಗುವುದು ಅವಳಿಂದಾಗಲಿಲ್ಲ. ಒಂದು ದಿನ ಅತ್ತೆಯ ಕ್ಲಿಪ್ಪನ್ನು ಪೆನ್ ಡ್ರೈವಿಗೆ ಹಾಕಿ, ಮಾರ್ಕೆಟ್ಟಿನ ಕಡೆ ಹೋಗುವ ಮೂರು ಗಾಲಿಯ ಟ್ರೈಸಿಕಲ್ಲಿನ ಚಾಲಕನ ಕೈಗೆ ಕೊಟ್ಟು ಕಳಿಸಿದಳು. ಚೀಟಿ ಬರೆಯಲಿಲ್ಲ.

ಅವನು ಮಾರನೆಯ ದಿನ ವಾಪಸು ತಂದುಕೊಟ್ಟ. ಆಕೆ ಏನು ಹೇಳಿದಳೋ ಅದನ್ನೇ ಹೇಳುತ್ತಿದ್ದೇನೆ, ನನ್ನ ಮೇಲೆ ಸಿಟ್ಟಾಗಬೇಡಿ ಎಂದು ಪೀಠಿಕೆ ಹಾಕಿ, ಅಮ್ಮನ ಬಾಯಿ ಆಡುತ್ತದೆ, ಮಾತಿಲ್ಲ, ಸತ್ತವಳ ಮಾತನ್ನೂ ಕದ್ದಿದ್ದಾಳೆ ಆ ಕಳ್ಳಿ ಎಂದಳಂತೆ ಎಂದ. ಜೊವೆಲಿನ್ ಒಳಗೆ ಹೋಗಿ ನೋಡಿದಳು. ನಿಜ. ರೊನೆಲ್‌ನ ದನಿ ಕಿತ್ತ ರಭಸಕ್ಕೆ ಮುದುಕಿಯ ದನಿಯೂ ಕಿತ್ತುಹೋಗಿತ್ತು. ತನ್ನ ಪಾಲಿನಲ್ಲಿ ಬಂದಿದ್ದ, ದನಿ ಕೀಳುವ ಮುಂಚಿನ ಪ್ರತಿಯನ್ನು ಹುಡುಕಿ ತೆರೆದು, ಪೂರ್ತಿ ಕೇಳಿದಳು. ಕೇಳಿ ಮುಗಿಸಿ, ಚಪ್ಪಲಿ ಮೆಟ್ಟಿಕೊಂಡು ತಾನೇ ಮಾರ್ಕೆಟ್ಟಿಗೆ ಹೋದಳು.

ಮೆರ್ಲಿಂಡಾ ಗಿರಾಕಿಗೆ ಮೀನು ತೂಗುತ್ತಿದ್ದಳು. ಜೊವೆಲಿನ್ ಗಿರಾಕಿ ಹೋಗುವವರೆಗೂ ಕಾದು, ಪೆನ್ ಡ್ರೈವನ್ನು ಒಣಮೀನಿನ ರಾಶಿಯ ಮೇಲಿಟ್ಟಳು.

"ಇದ್ರಲ್ಲಿ ಮಾತಿದೆ," ಎಂದಳು.

ಮೆರ್ಲಿಂಡಾ ಅದನ್ನು ಮುಟ್ಟಲಿಲ್ಲ. "ಏನಂತಾಳೆ?"

"ನನ್ನನ್ನೇ ಬೈತಾರೆ. ಆ ಯಂತ್ರ ಹಿಡ್ಕೊಂಡು ನಿಂತ್ರೆ ಪಾತ್ರೆ ಯಾರು ತೊಳೀತಾರೆ, ಮೈಗಳ್ಳಿ, ಅಂತಾರೆ. ಇನ್ನೂ ಬೇಕಾದಷ್ಟು ಅಂತಾರೆ."

"ಪೂರ್ತಿ ಇದೆಯಾ?"

"ಪೂರ್ತಿ ಇದೆ. ಒಂದಕ್ಷರ ಕತ್ತರಿಸಿಲ್ಲ."

ಮೆರ್ಲಿಂಡಾ ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡು, ಪೆನ್ ಡ್ರೈವನ್ನು ಎತ್ತಿ, ರವಿಕೆಯೊಳಗೆ ಸೇರಿಸಿದಳು. "ಸರಿ. ಬೈಸ್ಕೊಂಡಿದ್ದು ಕಮ್ಮಿನೇ ಆಯ್ತು ನಿಂಗೆ," ಎಂದಳು. "ಮೀನು ತಗೊಳ್ಳೋದಿದ್ರೆ ತಗೋ. ಇಲ್ದಿದ್ರೆ ಪಕ್ಕಕ್ಕೆ ನಿಲ್ಲು, ಗಿರಾಕಿಗೆ ಅಡ್ಡ ಆಗ್ತೀಯ."

ಜೊವೆಲಿನ್ ಮೀನು ತೆಗೆದುಕೊಳ್ಳಲಿಲ್ಲ. ಎರಡು ಅಂಗಡಿ ದಾಟಿ, ಮೆರ್ಲಿಂಡಾಳಿಗೆ ಕಾಣುವ ಹಾಗೆ ನಿಂತು, ಇನ್ನೊಬ್ಬಳ ಹತ್ತಿರ ಅದೇ ಮೀನನ್ನು ಕೊಂಡು, ಬಿಸಿಲಿಗೆ ಕೊಡೆ ಬಿಚ್ಚಿಕೊಂಡು ಮನೆಯ ದಾರಿ ಹಿಡಿದಳು.